ಅಸ್ಥಿಪಂಜರಕ್ಕೆ ಸುತ್ತಿಗೆ, ತೋಳಮನುಷ್ಯನಿಗೆ ಬೆಳ್ಳಿ: ರೋಲ್‌ಪ್ಲೇಯಿಂಗ್ ಆಟದಲ್ಲಿ ಆಯುಧ ಆರಿಸುವ ಲೆಕ್ಕ

2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಬಂತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ಯಾವತ್ತೂ ಆಡದಿದ್ದ ಎಷ್ಟೋ ಜನ ಆ ಕಂಪ್ಯೂಟರ್ ಆಟದ ಮೂಲಕ ಅದರ ನಿಯಮಗಳ ಒಳಗೆ ಬಂದರು. ಅವರಲ್ಲಿ ಕೆಲವರು ಈಗ ಗೆಳೆಯರ ಜೊತೆ ಟೇಬಲ್ ಸುತ್ತ ಕೂತು ದಾಳ ಉರುಳಿಸುತ್ತಿದ್ದಾರೆ. ಹೊಸಬರು ಒಂದು ಕಡೆ ಖಂಡಿತ ತಡವರಿಸುತ್ತಾರೆ. ಕತ್ತಿ ಸರಿಯಾಗೇ ತಾಗಿದೆ, ದಾಳವೂ ಚೆನ್ನಾಗಿ ಬಿದ್ದಿದೆ. ಆದರೂ ಎದುರಿಗಿರುವ ಮಾನ್‌ಸ್ಟರ್‌ಗೆ ಬಿದ್ದಿದ್ದು ಅರ್ಧ ಪೆಟ್ಟು, ಅಥವಾ ಏನೂ ಇಲ್ಲ.

ಇದರ ಹಿಂದೆ ಇರುವುದು ರೆಸಿಸ್ಟೆನ್ಸ್ ನಿಯಮ. ಇದು 2024 ಮತ್ತು 2025ರಲ್ಲಿ ಮತ್ತೆ ಬದಲಾಗಿದೆ. ಹಳೆಯ ಆಟಗಾರರು ಕೊಡುವ ಸಲಹೆಯಲ್ಲಿ ಕೆಲವು ಈಗ ನಡೆಯುವುದಿಲ್ಲ. ಹಾಗಾಗಿ ಬುಡದಿಂದ ನೋಡೋಣ.

ಮೊದಲು ಪೆಟ್ಟಿನ ಲೆಕ್ಕ

ಡಿ ಅಂಡ್ ಡಿ ಅಂತ ಎಲ್ಲರೂ ಕರೆಯುವ ಈ ಆಟವನ್ನು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದರು. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಕಥೆ ನಡೆಸುವುದು, ಮಾನ್‌ಸ್ಟರ್‌ಗಳನ್ನು ಆಡಿಸುವುದು ಅವರ ಕೆಲಸ. ಉಳಿದವರದು ಒಂದೊಂದು ಪಾತ್ರ.

ಹೊಡೆಯುವಾಗ ಎರಡು ಹಂತ ಇರುತ್ತದೆ. ಮೊದಲು 20 ಮುಖದ ದಾಳ ಉರುಳಿಸಿ, ಏಟು ತಾಗಿತೋ ಇಲ್ಲವೋ ನೋಡಬೇಕು. ಎದುರಾಳಿಯ ಕವಚ, ಚುರುಕುತನ ಲೆಕ್ಕಕ್ಕೆ ಬರುವುದು ಇಲ್ಲಿ. ತಾಗಿದರೆ ಆಯುಧದ ದಾಳ ಉರುಳಿಸಬೇಕು. ಉದ್ದ ಕತ್ತಿಗೆ 8 ಮುಖದ ದಾಳ, ಚೂರಿಗೆ 4 ಮುಖದ್ದು. ಬಂದ ಅಂಕಿಗೆ ತೋಳಿನ ಬಲ ಸೇರಿಸಿದರೆ ಒಟ್ಟು ಪೆಟ್ಟು ಸಿಗುತ್ತದೆ. ಅದನ್ನು ಎದುರಾಳಿಯ ಹಿಟ್ ಪಾಯಿಂಟ್‌ಗಳಿಂದ ಕಳೆಯಬೇಕು. ಅವು ಸೊನ್ನೆಯಾದರೆ ಮಾನ್‌ಸ್ಟರ್ ಸತ್ತಂತೆ.

ರೆಸಿಸ್ಟೆನ್ಸ್ ಕೆಲಸ ಮಾಡುವುದು ಈ ಎರಡನೇ ಹಂತದಲ್ಲಿ. ಏಟು ತಾಗಿಯಾಗಿದೆ, ಆದರೆ ಎಷ್ಟು ನಾಟಿತು ಅನ್ನುವುದು ಪ್ರಶ್ನೆ. ಕವಚವನ್ನೂ ರೆಸಿಸ್ಟೆನ್ಸನ್ನೂ ಒಂದೇ ಅಂದುಕೊಂಡರೆ ಮುಂದಿನದ್ದೆಲ್ಲ ಗೊಂದಲವಾಗುತ್ತದೆ.

ಪ್ರತಿ ಪೆಟ್ಟಿಗೂ ಒಂದು ಜಾತಿ ಇರುತ್ತದೆ. 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಒಟ್ಟು 13 ಜಾತಿ. ಬೆಂಕಿ, ಚಳಿ, ಮಿಂಚು, ಆಸಿಡ್, ವಿಷ ಹೀಗೆ. ಮಾಮೂಲಿ ಆಯುಧಗಳಿಗೆ ಸೇರಿದ್ದು ಮೂರು: ಜಜ್ಜುವುದು, ಚುಚ್ಚುವುದು, ಕಡಿಯುವುದು. ಗದೆ, ದೊಣ್ಣೆ, ಸುತ್ತಿಗೆ ಜಜ್ಜುತ್ತವೆ. ಚೂರಿ, ಈಟಿ, ಬಾಣ ಚುಚ್ಚುತ್ತವೆ. ಉದ್ದ ಕತ್ತಿ, ಕೊಡಲಿ ಕಡಿಯುತ್ತವೆ.

ಅರ್ಧ, ಸೊನ್ನೆ, ಎರಡು ಪಟ್ಟು

ಈ ಆವೃತ್ತಿಯಲ್ಲಿ ಮೂರು ಪದ ಗೊತ್ತಿದ್ದರೆ ಸಾಕು. ಮಾನ್‌ಸ್ಟರ್‌ಗೆ ಒಂದು ಜಾತಿಯ ಪೆಟ್ಟಿಗೆ ರೆಸಿಸ್ಟೆನ್ಸ್ ಇದ್ದರೆ ಅರ್ಧ ಪೆಟ್ಟು. ಇಮ್ಯುನಿಟಿ ಇದ್ದರೆ ಸೊನ್ನೆ. ವಲ್ನರಬಿಲಿಟಿ ಇದ್ದರೆ ಎರಡು ಪಟ್ಟು. ಅರ್ಧ ಮಾಡುವಾಗ ಬಂದ ಭಿನ್ನಾಂಕವನ್ನು ಬಿಟ್ಟುಬಿಡಬೇಕು, ಅಂದರೆ 7ರ ಅರ್ಧ 3. ಎರಡು ಕಾರಣದಿಂದ ಒಂದೇ ರೆಸಿಸ್ಟೆನ್ಸ್ ಸಿಕ್ಕಿದರೂ ಅರ್ಧ ಆಗುವುದು ಒಂದೇ ಸಲ.

ಅಸ್ಥಿಪಂಜರದ ಉದಾಹರಣೆ ತೆಗೆದುಕೊಳ್ಳಿ. ಹೊಸ ಆಟಗಾರರಿಗೆ ಬೇಗ ಎದುರಾಗುವ ಮಾನ್‌ಸ್ಟರ್‌ಗಳಲ್ಲಿ ಅದೂ ಒಂದು. 13 ಹಿಟ್ ಪಾಯಿಂಟ್, ಜಜ್ಜುವ ಪೆಟ್ಟಿಗೆ ವಲ್ನರಬಿಲಿಟಿ. ನಿಮ್ಮ ಪಾತ್ರದ ತೋಳಿನ ಬಲ 3. ಉದ್ದ ಕತ್ತಿಯಿಂದ ಹೊಡೆದರೆ 8 ಮುಖದ ದಾಳಕ್ಕೆ 3 ಸೇರಿಸಿ, ಜಾಸ್ತಿ ಅಂದರೆ 11. ಅಂದರೆ ದಾಳದಲ್ಲಿ 8 ಬಿದ್ದರೂ ಮಾಮೂಲಿ ಒಂದೇಟಿಗೆ ಅದು ಬೀಳುವುದಿಲ್ಲ. ಈಗ ಯುದ್ಧ ಸುತ್ತಿಗೆ ಹಿಡಿಯಿರಿ. ಅದೇ 8 ಮುಖದ ದಾಳ, ಅದೇ 3. ಆದರೆ ಮೊತ್ತ ಎರಡು ಪಟ್ಟು. ದಾಳದಲ್ಲಿ 4 ಬಿದ್ದರೆ 7, ಎರಡು ಪಟ್ಟಾದರೆ 14. ಅಸ್ಥಿಪಂಜರ ಪುಡಿ. ತಾಗಿದ 8 ಏಟುಗಳಲ್ಲಿ ಸರಾಸರಿ 5 ಅದನ್ನು ಒಂದೇ ಸಲಕ್ಕೆ ಮುಗಿಸುತ್ತವೆ.

ಯುದ್ಧ ಸುತ್ತಿಗೆಗೂ ಉದ್ದ ಕತ್ತಿಗೂ ಬೆಲೆ ಒಂದೇ, 15 ಚಿನ್ನದ ನಾಣ್ಯ. ಎರಡೂ ಕೈಯಲ್ಲಿ ಹಿಡಿದರೆ ಎರಡಕ್ಕೂ 10 ಮುಖದ ದಾಳ. 2014ರ ನಿಯಮದಲ್ಲಿ ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಬಿಟ್ಟರೆ ಬೇರೆ ಇದ್ದದ್ದು ಪೆಟ್ಟಿನ ಜಾತಿ ಮಾತ್ರ. ಆದರೂ ಜನ ಕತ್ತಿಯನ್ನೇ ಆರಿಸುತ್ತಾರೆ, ಯಾಕಂದ್ರೆ ವೀರ ಅಂದ ತಕ್ಷಣ ಕಣ್ಣಮುಂದೆ ಬರುವುದು ಕತ್ತಿ. ಅದು ತಪ್ಪೇನಲ್ಲ. ಆದರೆ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಏನೂ ನಷ್ಟವಿಲ್ಲ.

ಮೂಳೆಗೆ ಕತ್ತಿ ಹಿಡಿಯುವುದಿಲ್ಲ ಅನ್ನುವ ಯೋಚನೆ ತುಂಬ ಹಳೆಯದು. 1977ರ ಮಾನ್‌ಸ್ಟರ್ ಪುಸ್ತಕದಲ್ಲೇ ಅಸ್ಥಿಪಂಜರಕ್ಕೆ ಹರಿತವಾದ ಆಯುಧಗಳಿಂದ ಅರ್ಧ ಪೆಟ್ಟು ಮಾತ್ರ. ಆಗ ಪೂಜಾರಿ ಪಾತ್ರಗಳು ಹರಿತ ಆಯುಧ ಹಿಡಿಯುವಂತೆಯೂ ಇರಲಿಲ್ಲ, ಅವರ ಕೈಯಲ್ಲಿ ಗದೆ ಇರುತ್ತಿತ್ತು. ಹೆಣಗಳು ಎದ್ದು ಬರುವ ಗೋರಿಯೊಳಗೆ ಪೂಜಾರಿಯೇ ಮುಂದೆ ನಿಲ್ಲುವುದಕ್ಕೆ ಮಂತ್ರದ ಜೊತೆ ಇದೂ ಒಂದು ಕಾರಣವಾಗಿತ್ತು.

ಗೋಡೆ, ಕಡಿತ, ಅರ್ಧ

ಪೆಟ್ಟನ್ನು ತಡೆಯುವುದಕ್ಕೆ ಈ 50 ವರ್ಷದಲ್ಲಿ ಮುಖ್ಯವಾಗಿ ಮೂರು ರೀತಿಯ ನಿಯಮ ಬಂದಿವೆ. ಯಾವ ರೀತಿಯ ನಿಯಮ ಅನ್ನುವುದರ ಮೇಲೆ ಯಾವ ಆಯುಧ ಒಳ್ಳೆಯದು ಅನ್ನುವುದೇ ಬದಲಾಗುತ್ತದೆ. ಈ ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಆಯುಧದ ದಾಳ ಎಷ್ಟು ದೊಡ್ಡದು ಅಂತ ಮಾತ್ರ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಮೊದಲನೆಯದು ಗೋಡೆ. ಹಳೆಯ ನಿಯಮದಲ್ಲಿ ಗಾರ್ಗಾಯ್ಲ್ ಅನ್ನುವ ರೆಕ್ಕೆಯ ಜೀವಿಗೆ ಗಾಯ ಮಾಡಲು ಕನಿಷ್ಠ ಪ್ಲಸ್ 1 ಮಂತ್ರದ ಆಯುಧ ಬೇಕಿತ್ತು. ಪ್ಲಸ್ ಅಂಕಿ ಅಂದರೆ ಆಯುಧದಲ್ಲಿರುವ ಮಂತ್ರದ ಬಲ. ಕಬ್ಬಿಣದ ಗೋಲೆಮ್‌ಗೆ, ಅಂದರೆ ಮಂತ್ರದಿಂದ ಓಡಾಡುವ ಗೊಂಬೆಗೆ, ಪ್ಲಸ್ 3. ಅದಕ್ಕಿಂತ ಕಡಿಮೆಯದ್ದರಿಂದ ದಿನವಿಡೀ ಹೊಡೆದರೂ ಸೊನ್ನೆ. ಇಲ್ಲಿ ಲೆಕ್ಕಾಚಾರವೇ ಇಲ್ಲ. ಬೀಗದ ಕೈ ಇದ್ದರೆ ಒಳಗೆ, ಇಲ್ಲದಿದ್ದರೆ ಓಡಿಹೋಗಬೇಕು.

ಎರಡನೆಯದು ಕಡಿತ. 2000ದ ಮೂರನೇ ಆವೃತ್ತಿಯಲ್ಲಿ ಇದಕ್ಕೆ ಡ್ಯಾಮೇಜ್ ರಿಡಕ್ಷನ್ ಅಂತ ಹೆಸರು. ಪ್ರತಿ ಏಟಿನಿಂದಲೂ ಒಂದು ನಿಗದಿತ ಅಂಕಿ ಕಳೆದುಹೋಗುತ್ತದೆ. 2003ರ ಪರಿಷ್ಕರಣೆಯಲ್ಲಿ ಅಸ್ಥಿಪಂಜರಕ್ಕೆ ಕಡಿತ 5, ಜಜ್ಜುವ ಆಯುಧಕ್ಕೆ ಮಾತ್ರ ವಿನಾಯಿತಿ.

ಮೂರನೆಯದು 2014ರ ಅರ್ಧದ ನಿಯಮ. ಅದನ್ನು ಆಗಲೇ ನೋಡಿದೆವು.

ಕಡಿತಕ್ಕೂ ಅರ್ಧಕ್ಕೂ ಇರುವ ವ್ಯತ್ಯಾಸ ಹೀಗೆ. ಆನ್‌ಲೈನ್‌ನಲ್ಲಿ ಸಾಮಾನು ತರಿಸುವಾಗ ಪ್ರತಿ ಆರ್ಡರಿಗೂ 40 ರೂಪಾಯಿ ಡೆಲಿವರಿ ಶುಲ್ಕ ಇದೆ ಅಂದುಕೊಳ್ಳಿ. ಆಗ ಸೋಪು, ಬ್ರಶ್, ಪೇಸ್ಟ್ ಬೇರೆ ಬೇರೆ ತರಿಸಿದರೆ ದಂಡ. ಎಲ್ಲವನ್ನೂ ಒಟ್ಟಿಗೆ ತರಿಸಬೇಕು. ಶುಲ್ಕ ಬೆಲೆಯ ಶೇಕಡಾ ಲೆಕ್ಕದಲ್ಲಿದ್ದರೆ ಹೇಗೆ ತರಿಸಿದರೂ ಒಂದೇ. ಕಡಿತ ಅನ್ನುವುದು ಆ 40 ರೂಪಾಯಿ. ಅರ್ಧ ಅನ್ನುವುದು ಶೇಕಡಾ.

ಈಗ ಅಂಕಿಗೆ ಇಳಿಸೋಣ. ಒಬ್ಬಳು ದೊಡ್ಡ ಕತ್ತಿ ಹಿಡಿದು ಒಂದೇ ಏಟು ಹೊಡೆಯುತ್ತಾಳೆ: 6 ಮುಖದ ಎರಡು ದಾಳ, ಮೇಲೆ 3. ಸರಾಸರಿ 10. ಇನ್ನೊಬ್ಬಳು ಚೂರಿಯಿಂದ ಎರಡು ಏಟು: ಒಂದೊಂದಕ್ಕೂ 4 ಮುಖದ ದಾಳ, ಮೇಲೆ 3. ಎರಡೂ ತಾಗಿದರೆ ಸರಾಸರಿ 11. ಬೇರೆ ಬೇರೆ ಆವೃತ್ತಿಯ ಸಣ್ಣಪುಟ್ಟ ಸೇರ್ಪಡೆಗಳನ್ನು ಬದಿಗಿಟ್ಟರೆ ಚೂರಿಯವಳದ್ದೇ ಒಂದು ಕೈ ಮೇಲು.

ಎದುರಾಳಿಗೆ ಅರ್ಧದ ನಿಯಮ ಇದ್ದರೆ? ಕತ್ತಿಗೆ ಸರಾಸರಿ 4.75, ಚೂರಿಗಳಿಗೆ 5. ಸ್ಥಾನ ಬದಲಾಗಲಿಲ್ಲ.

ಕಡಿತ 5 ಇದ್ದರೆ? ಕತ್ತಿಯ 10ರಲ್ಲಿ 5 ಹೋಗಿ 5 ಉಳಿಯುತ್ತದೆ. ಚೂರಿಯ ಏಟು 4ರಿಂದ 7ರವರೆಗೆ ಇರುತ್ತದೆ. ಅದರಲ್ಲಿ 5 ಕಳೆದರೆ ಉಳಿಯುವುದು ಸೊನ್ನೆ, ಸೊನ್ನೆ, 1 ಅಥವಾ 2. ಎರಡೂ ಏಟು ಸೇರಿ ಸರಾಸರಿ 1.5. ಅಂದರೆ ಚೂರಿಯವಳ ಕೆಲಸ ಏಳರಲ್ಲಿ ಒಂದು ಭಾಗಕ್ಕೆ ಇಳಿಯಿತು. ಅವಳ ಆಟ ಕೆಟ್ಟದ್ದಲ್ಲ. ನಿಯಮವೇ ಸಣ್ಣ ಏಟುಗಳನ್ನು ನುಂಗಿಹಾಕಿತು.

ಪಾಥ್‌ಫೈಂಡರ್ ಅಂತ ಡಿ ಅಂಡ್ ಡಿಯಂಥದ್ದೇ ಇನ್ನೊಂದು ಆಟ ಇದೆ. 2019ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ಇದರ ಕನ್ನಡಿ ಬಿಂಬವೂ ಇದೆ. ಅಲ್ಲಿ ದೌರ್ಬಲ್ಯ ಕೂಡ ನಿಗದಿತ ಅಂಕಿ. ತೋಳಮನುಷ್ಯನಿಗೆ ಬೆಳ್ಳಿ ತಾಗಿದರೆ ಪ್ರತಿ ಏಟಿಗೂ 5 ಜಾಸ್ತಿ. ಈಗ ನಮ್ಮ ಚೂರಿಯವಳಿಗೆ ಬೆಳ್ಳಿಯ ಚೂರಿ ಕೊಡಿ. ಎರಡು ಏಟಿಗೆ 11 ಇದ್ದದ್ದು 21 ಆಗುತ್ತದೆ. ಬೆಳ್ಳಿಯ ದೊಡ್ಡ ಕತ್ತಿಗೆ ಸಿಗುವುದು 15. ಅಲ್ಲಿ ಸೋತವಳು ಇಲ್ಲಿ ಗೆದ್ದಳು. ಕಡಿತದ ಎದುರು ಒಂದು ದೊಡ್ಡ ಏಟು, ದೌರ್ಬಲ್ಯದ ಎದುರು ಹಲವು ಸಣ್ಣ ಏಟು.

ಆಯುಧಗಳ ಗಂಟು

2003ರ ಪರಿಷ್ಕರಣೆಯನ್ನು ಸ್ವಲ್ಪ ನಿಂತು ನೋಡಬೇಕು. ಆಯುಧದ ಆಯ್ಕೆ ಅಷ್ಟು ಮುಖ್ಯವಾದ ಕಾಲ ಅದು.

ಅದಕ್ಕೆ ಮುಂಚೆ ಕಬ್ಬಿಣದ ಗೋಲೆಮ್‌ಗೆ ಕಡಿತ 50, ಪ್ಲಸ್ 3 ಆಯುಧಕ್ಕೆ ವಿನಾಯಿತಿ. 50 ಅಂದರೆ ಹೆಚ್ಚುಕಮ್ಮಿ ಗೋಡೆಯೇ. ಒಳ್ಳೆಯ ಮಂತ್ರದ ಕತ್ತಿ ಒಂದಿದ್ದರೆ ಎಲ್ಲ ಬಾಗಿಲೂ ತೆರೆಯುತ್ತಿತ್ತು. 2003ರಲ್ಲಿ ಅದೇ ಗೋಲೆಮ್‌ಗೆ ಕಡಿತ 15, ಆದರೆ ಅಡಮಂಟೈನ್ ಅನ್ನುವ ಕಾಲ್ಪನಿಕ ಲೋಹದ ಆಯುಧಕ್ಕೆ ಮಾತ್ರ ವಿನಾಯಿತಿ. ಮರದ ಜೀವಿ ಟ್ರೀಂಟ್‌ಗೆ ಕಡಿಯುವ ಆಯುಧ. ಲಿಚ್ ಅನ್ನುವ ಸತ್ತೂ ಬದುಕಿರುವ ಮಂತ್ರವಾದಿಗೆ ಜಜ್ಜುವ ಮಂತ್ರದ ಆಯುಧ. ಬೇಲರ್ ಅನ್ನುವ ದೊಡ್ಡ ಪಿಶಾಚಿಗೆ ಆಯುಧ ಕೋಲ್ಡ್ ಐರನ್ ಲೋಹದ್ದೂ ಆಗಿರಬೇಕು, ಒಳಿತಿನ ಮಂತ್ರವೂ ಅದರಲ್ಲಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಪ್ರತಿ ಏಟಿನಿಂದ 15 ಹೋಯಿತು.

ಪ್ರತಿ ಲೋಹಕ್ಕೂ ಒಂದು ಬೆಲೆ ಇತ್ತು. ಬೆಳ್ಳಿ ಲೇಪಿಸಿದರೆ ಪೆಟ್ಟು 1 ಕಡಿಮೆ. ಕೋಲ್ಡ್ ಐರನ್ ಆಯುಧಕ್ಕೆ ದುಪ್ಪಟ್ಟು ದುಡ್ಡು. ಅಡಮಂಟೈನ್‌ಗೆ 3,000 ಚಿನ್ನದ ನಾಣ್ಯ ಜಾಸ್ತಿ. ಒಬ್ಬ ಯೋಧ ಬೆಳ್ಳಿಯ ಚೂರಿ, ಕೋಲ್ಡ್ ಐರನ್ ಗದೆ, ಅಡಮಂಟೈನ್ ಕೊಡಲಿ ಎಲ್ಲ ಹೊತ್ತು ತಿರುಗಬೇಕಾಯಿತು. ಆಟಗಾರರು ಇದನ್ನು ಗಾಲ್ಫ್ ಬ್ಯಾಗ್ ಅಂತಲೇ ಕರೆದರು.

ಇದರ ಬಗ್ಗೆ ಇವತ್ತಿಗೂ ಜಗಳ ಇದೆ. ತಾತನ ಕಾಲದ ಕತ್ತಿಯನ್ನೇ ಕೊನೆತನಕ ಹಿಡಿಯಬೇಕು ಅನ್ನುವ ಆಟಗಾರನಿಗೆ ಇದು ಕಿರಿಕಿರಿ. ಪ್ರತಿ ಶತ್ರುವಿಗೂ ತಯಾರಿ ಮಾಡಿಕೊಳ್ಳುವುದರಲ್ಲೇ ಖುಷಿ ಪಡುವವರಿಗೆ ಇದು ಚಿನ್ನದ ಕಾಲ. ಎರಡೂ ಆಸೆ ನಿಜವಾದವೇ. ಮುಂದಿನ ಪ್ರತಿ ಆವೃತ್ತಿಯೂ ಈ ಎರಡರ ನಡುವೆಯೇ ತೂಗಾಡಿದೆ.

ರಾಕ್ಷಸನೂ ಅಡ್ಡಬಿಲ್ಲಿನ ಬಾಣವೂ

ನಮಗೆ ಗೊತ್ತಿರುವ ಹೆಸರೊಂದು ಈ ಪಟ್ಟಿಯಲ್ಲಿದೆ: ರಾಕ್ಷಸ. 1977ರ ಪುಸ್ತಕದಲ್ಲೇ ಅವನಿದ್ದಾನೆ. ಹೆಸರು ನಮ್ಮ ಪುರಾಣಗಳದ್ದು. ಹುಲಿಯ ತಲೆಯ ಚಿತ್ರ ಮಾತ್ರ ಅಲ್ಲಿನವರು ಕೊಟ್ಟ ರೂಪ. ಮಾಮೂಲಿ ಆಯುಧ ಅವನಿಗೆ ನಾಟುವುದಿಲ್ಲ. ಪ್ಲಸ್ 3ಕ್ಕಿಂತ ಕಡಿಮೆಯ ಮಂತ್ರದ ಆಯುಧದಿಂದ ಅರ್ಧ ಪೆಟ್ಟು. ಆದರೆ ಪೂಜಾರಿ ಹರಸಿಕೊಟ್ಟ ಅಡ್ಡಬಿಲ್ಲಿನ ಬಾಣ ತಾಗಿದರೆ ಅಲ್ಲೇ ಸಾವು.

ನಂತರದ ಆವೃತ್ತಿಗಳು ಆ ಬಾಣವನ್ನು ಮರೆಯಲಿಲ್ಲ. 2003ರಲ್ಲಿ ಅವನಿಗೆ ಕಡಿತ 15, ವಿನಾಯಿತಿ ಇದ್ದದ್ದು ಒಳಿತಿನ ಮಂತ್ರವಿರುವ ಚುಚ್ಚುವ ಆಯುಧಕ್ಕೆ. 2014ರಲ್ಲಿ ಒಳ್ಳೆಯ ಮನಸ್ಸಿನವರು ಮಂತ್ರದ ಆಯುಧದಿಂದ ಚುಚ್ಚಿದರೆ ಎರಡು ಪಟ್ಟು ಪೆಟ್ಟು. ಗೋಡೆ ಹೋಗಿ ಕಡಿತ ಬಂತು, ಕಡಿತ ಹೋಗಿ ದುಪ್ಪಟ್ಟು ಬಂತು. ಚುಚ್ಚಬೇಕು ಅನ್ನುವುದು ಮಾತ್ರ ಹಾಗೇ ಉಳಿಯಿತು. ವರ ಪಡೆದವನ ವರದಲ್ಲಿ ಎಲ್ಲೋ ಒಂದು ಸಂದು ಇರುವ ಕಥೆ ನಮಗೆ ಹೊಸದಲ್ಲ, ಅಲ್ವಾ?

ಬ್ಲ್ಯಾಕ್ ಪುಡಿಂಗ್ ಅನ್ನುವ ಲೋಳೆಯಂಥ ಜೀವಿಯೂ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅದಕ್ಕೆ ಕಡಿಯುವ ಪೆಟ್ಟು ನಾಟುವುದಿಲ್ಲ. ಅಷ್ಟೇ ಆಗಿದ್ದರೆ ಸುಮ್ನೆ ಆಯುಧ ಬದಲಿಸಬಹುದಿತ್ತು. ಆದರೆ ಕಡಿದರೆ ಅದು ಎರಡಾಗಿ ಒಡೆಯುತ್ತದೆ, ರಕ್ತಬೀಜನ ಹಾಗೆ. ಕತ್ತಿ ಮಾತ್ರ ಇರುವ ತಂಡ ಹೊಡೆದಷ್ಟೂ ಶತ್ರುಗಳು ಹೆಚ್ಚುತ್ತಾರೆ.

ಮಂತ್ರದ ಆಯುಧ ಎಂಬ ಕೀಲಿಕೈ

2014ರ ನಿಯಮದಲ್ಲಿ ಅರ್ಧ ಅನ್ನುವುದರ ಜೊತೆ ಇನ್ನೊಂದು ಷರತ್ತು ತುಂಬ ಕಡೆ ಇತ್ತು: ಮಂತ್ರವಿಲ್ಲದ ಆಯುಧದ ಪೆಟ್ಟಿಗೆ ಮಾತ್ರ. ತೋಳಮನುಷ್ಯನಿಗೆ ಮಂತ್ರವೂ ಇಲ್ಲದ, ಬೆಳ್ಳಿಯೂ ಇಲ್ಲದ ಆಯುಧ ನಾಟುವುದೇ ಇಲ್ಲ. ಅವನಿಗೆ 58 ಹಿಟ್ ಪಾಯಿಂಟ್. ಕೆಳಮಟ್ಟದ ತಂಡದ ಬಳಿ ಮಂತ್ರದ ಆಯುಧ ಇರುವುದಿಲ್ಲ. ಮಂತ್ರವಾದಿಯ ಬೆಂಕಿ ನಾಟುತ್ತದೆ, ಯೋಧ ಮಾತ್ರ ಕೈಕಟ್ಟಿ ನಿಲ್ಲಬೇಕು. ಪರಿಹಾರ ಇತ್ತು: 100 ಚಿನ್ನದ ನಾಣ್ಯ ಕೊಟ್ಟರೆ ಒಂದು ಆಯುಧಕ್ಕೆ, ಇಲ್ಲವೇ 10 ಬಾಣಗಳಿಗೆ ಬೆಳ್ಳಿ ಲೇಪಿಸಬಹುದು. ತೋಳಮನುಷ್ಯನ ಸುದ್ದಿ ಮೊದಲೇ ಸಿಕ್ಕಿದ್ದರೆ ಬಾಣವೇ ಒಳ್ಳೆಯದು. ದೂರದಿಂದ ಹೊಡೆಯಬಹುದು, ತಂಡದಲ್ಲಿ ಹಂಚಿಕೊಳ್ಳಲೂಬಹುದು.

ಕೆಲವು ಪಾತ್ರಗಳಿಗೆ ದಾರಿ ಒಳಗಿನಿಂದಲೇ ಇತ್ತು. ಬರಿಗೈಯಲ್ಲೇ ಹೋರಾಡುವ ಮಾಂಕ್ ಪಾತ್ರ 6ನೇ ಹಂತ ಮುಟ್ಟಿದರೆ ಅವನ ಬರಿಗೈ ಏಟು ಮಂತ್ರದ ಏಟು ಅಂತ ಲೆಕ್ಕ. ಯೋಧನಿಗೆ ಅಂಥದ್ದೇನೂ ಇರಲಿಲ್ಲ. ಡಿಎಂ ನಿಧಿಯಲ್ಲಿ ಒಂದು ಕತ್ತಿ ಇಡುವವರೆಗೆ ಕಾಯಬೇಕು.

ಆ ಕತ್ತಿ ಸಿಕ್ಕ ದಿನ ಇನ್ನೊಂದು ತೊಂದರೆ ಶುರು. ಒಂದೇ ಪ್ಲಸ್ 1 ಕತ್ತಿಗೆ ಇಂಥ ಎಲ್ಲ ಮಾನ್‌ಸ್ಟರ್‌ಗಳ ರೆಸಿಸ್ಟೆನ್ಸ್ ಒಟ್ಟಿಗೆ ಮಾಯ. ನಿಯಮ ಬರೆದವರಿಗೂ ಇದು ಗೊತ್ತಿತ್ತು. ಆಗಿನ ಡಿಎಂ ಕೈಪಿಡಿಯಲ್ಲಿ ಹೊಸ ಮಾನ್‌ಸ್ಟರ್ ಕಟ್ಟುವ ಲೆಕ್ಕವಿತ್ತು. ಸವಾಲಿನ ಮಟ್ಟ 1ರಿಂದ 4 ಇದ್ದರೆ ಇಂಥ ರೆಸಿಸ್ಟೆನ್ಸ್ ಇರುವ ಮಾನ್‌ಸ್ಟರ್‌ನ ಹಿಟ್ ಪಾಯಿಂಟನ್ನು ಎರಡು ಪಟ್ಟು ಅಂತ ಹಿಡಿಯಬೇಕು. 5ರಿಂದ 10ಕ್ಕೆ ಒಂದೂವರೆ ಪಟ್ಟು. 17 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಏನೂ ಸೇರಿಸಬೇಕಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಕೈಯಲ್ಲೂ ಮಂತ್ರದ ಆಯುಧ ಇರುತ್ತದೆ ಅನ್ನುವುದು ಆ ಲೆಕ್ಕದ ಹಿಂದಿನ ನಂಬಿಕೆ.

ಒಂದೇ ಏಟಿನಲ್ಲಿ ಎರಡು ಜಾತಿಯ ಪೆಟ್ಟು ಇದ್ದರೆ ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಬೇಕು. ಉರಿಯುವ ಕತ್ತಿಯ ಕಡಿಯುವ ಭಾಗ ಅರ್ಧವಾದರೂ ಬೆಂಕಿಯ ಭಾಗ ಪೂರ್ತಿ ನಾಟಬಹುದು. ವಿಷ ಸವರಿದ ಆಯುಧ ಕೊಳ್ಳುವ ಮುಂಚೆ ಮಾತ್ರ ಯೋಚಿಸಿ. ಹೆಣಗಳು, ಪಿಶಾಚಿಗಳು, ಗೊಂಬೆಗಳಂಥ ಜೀವಿಗಳಲ್ಲಿ ಹೆಚ್ಚಿನವಕ್ಕೆ ವಿಷ ತಾಗುವುದಿಲ್ಲ.

ಗೊತ್ತಾಗುವುದು ಹೇಗೆ?

ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಈ ಇಕ್ಕಟ್ಟು ಪ್ರತಿ ಟೇಬಲ್‌ನಲ್ಲೂ ಬರುತ್ತದೆ. ಪುಸ್ತಕ ಓದಿ ಬಂದು ಮೊದಲ ಏಟಿಗೇ ಬೆಳ್ಳಿ ತೆಗೆದರೆ ಉಳಿದವರ ಖುಷಿ ಹಾಳು. ನಿಯಮದೊಳಗೇ ದಾರಿಗಳಿವೆ. ಒಂದು ಸರದಿ ಖರ್ಚು ಮಾಡಿ, ದಾಳ ಉರುಳಿಸಿ, ಪಾತ್ರಕ್ಕೆ ಏನು ನೆನಪಿದೆ ಅಂತ ಕೇಳಬಹುದು. 2024ರ ನಿಯಮದಲ್ಲಿ ರೇಂಜರ್ ಪಾತ್ರದ ಹಂಟರ್ ಶಾಖೆಯವರು ಗುರುತು ಹಾಕಿದ ಬೇಟೆಯ ರೆಸಿಸ್ಟೆನ್ಸ್, ಇಮ್ಯುನಿಟಿ, ವಲ್ನರಬಿಲಿಟಿ ಎಲ್ಲವನ್ನೂ ನೇರವಾಗಿ ತಿಳಿಯಬಹುದು.

ಒಳ್ಳೆಯ ಡಿಎಂ ಮಾತಲ್ಲೇ ಸುಳಿವು ಕೊಡುತ್ತಾರೆ. "6 ಪೆಟ್ಟು" ಅಂತ ಬರೀ ಅಂಕಿ ಹೇಳದೆ, "ಕತ್ತಿ ಪಕ್ಕೆಲುಬಿನ ಸಂದಿಯಲ್ಲಿ ತೂರಿಹೋಯಿತು, ಅದು ತಿರುಗಿಯೂ ನೋಡಲಿಲ್ಲ" ಅನ್ನುತ್ತಾರೆ. ಇದನ್ನು ಕೇಳಿದ ಆಟಗಾರ ಕತ್ತಿ ಒರೆಗೆ ಹಾಕಿ ಸುತ್ತಿಗೆ ತೆಗೆದರೆ ನಿಯಮವೂ ಕಥೆಯೂ ಒಂದೇ ಆದವು. ಬಾಲ್ಡರ್ಸ್ ಗೇಟ್ 3ರಲ್ಲಿ ಅಡಮಂಟೈನ್ ಕುಲುಮೆ ಕಾಯುವ ಗ್ರಿಮ್ ಅನ್ನುವ ಮಾನ್‌ಸ್ಟರ್ ಇದಕ್ಕೆ ಒಳ್ಳೆಯ ಪಾಠ. ತಣ್ಣಗಿರುವಾಗ ಅದಕ್ಕೆ ಏನೂ ನಾಟುವುದಿಲ್ಲ. ಲಾವಾ ಹರಿಸಿ ಕಾಯಿಸಿದರೆ ಜಜ್ಜುವ ಪೆಟ್ಟಿಗೆ ಸೋಲುತ್ತದೆ. ಲಾವಾ, ಕುಲುಮೆಯ ದೊಡ್ಡ ಸುತ್ತಿಗೆ ಎರಡೂ ಅಲ್ಲೇ ಕಣ್ಣಮುಂದೆ ಇರುತ್ತವೆ.

ಹೊಸ ನಿಯಮದಲ್ಲಿ ಏನು ಬದಲಾಯಿತು

2024ರಲ್ಲಿ ಆಟಗಾರರ ಪುಸ್ತಕ, 2025ರಲ್ಲಿ ಮಾನ್‌ಸ್ಟರ್ ಪುಸ್ತಕ ಹೊಸದಾಗಿ ಬಂದವು. ಮಂತ್ರವಿಲ್ಲದ ಆಯುಧಕ್ಕೆ ಮಾತ್ರ ಅನ್ನುವ ಷರತ್ತನ್ನು ಕೈಬಿಟ್ಟರು. ಇದರಿಂದ ಎರಡು ಕಡೆಗೂ ಪರಿಣಾಮ ಆಯಿತು. ತೋಳಮನುಷ್ಯನ ಇಮ್ಯುನಿಟಿ ಹೋಯಿತು, ಈಗ ಮಾಮೂಲಿ ಕೊಡಲಿಯೂ ಪೂರ್ತಿ ನಾಟುತ್ತದೆ. ಆದರೆ ಘೋಸ್ಟ್ ಅಂದರೆ ದೆವ್ವಕ್ಕೆ ಮೂರೂ ಜಾತಿಯ ಆಯುಧದ ಪೆಟ್ಟು ಅರ್ಧವೇ, ಆಯುಧದಲ್ಲಿ ಮಂತ್ರವಿದ್ದರೂ. ಹಳೆಯ ಕೀಲಿಕೈ ಅಲ್ಲಿ ತಿರುಗುವುದಿಲ್ಲ. ಬೆಂಕಿ, ಮಿಂಚು, ಆಸಿಡ್ ಕೂಡ ಅದಕ್ಕೆ ಅರ್ಧ. ದೈವಿಕ ಬೆಳಕಿನ ರೇಡಿಯಂಟ್ ಪೆಟ್ಟು ಬೇಕು, ಇಲ್ಲವೇ ಮಂತ್ರಶಕ್ತಿಯೇ ಪೆಟ್ಟಾಗುವ ಫೋರ್ಸ್‌ನಂಥದ್ದು. ಮಾಂಕ್‌ನ 6ನೇ ಹಂತದ ಶಕ್ತಿಯೂ ಇದಕ್ಕೆ ಹೊಂದಿಕೊಂಡಿದೆ. ಈಗ ಅವನು ತನ್ನ ಬರಿಗೈ ಏಟನ್ನು ಫೋರ್ಸ್ ಪೆಟ್ಟಾಗಿ ಕೊಡಬಹುದು.

ಆಯುಧಗಳಿಗೂ ಹೊಸ ಗುಣ ಸೇರಿದೆ, ಮಾಸ್ಟರಿ ಅಂತ. ಯುದ್ಧ ಸುತ್ತಿಗೆ ಶತ್ರುವನ್ನು ಹಿಂದಕ್ಕೆ ತಳ್ಳುತ್ತದೆ. ಉದ್ದ ಕತ್ತಿ ತಾಗಿದರೆ ಶತ್ರುವಿನ ಮುಂದಿನ ಏಟಿನ ಗುರಿ ಕೆಡುತ್ತದೆ. ದೊಡ್ಡ ಕತ್ತಿ ಗುರಿ ತಪ್ಪಿದರೂ ಸ್ವಲ್ಪ ಪೆಟ್ಟು ಕೊಡುತ್ತದೆ. ಅಂದರೆ ಕತ್ತಿ ಬಿಟ್ಟು ಸುತ್ತಿಗೆ ಹಿಡಿಯಲು ಈಗ ರೆಸಿಸ್ಟೆನ್ಸ್ ಒಂದೇ ಕಾರಣವಲ್ಲ. ಅಸ್ಥಿಪಂಜರದ ಪೆಟ್ಟಿನ ಲೆಕ್ಕ ಮಾತ್ರ ಬದಲಾಗಿಲ್ಲ. 13 ಹಿಟ್ ಪಾಯಿಂಟ್, ಜಜ್ಜಿದರೆ ಎರಡು ಪಟ್ಟು.

ಹೊಸ ಟೇಬಲ್ ಸೇರುವವರು ಪಾತ್ರ ಬರೆಯುವ ಮುಂಚೆ ಡಿಎಂ ಹತ್ರ ಕೇಳಬೇಕಾದದ್ದು ಒಂದಿದೆ: ಆಡುತ್ತಿರುವುದು 2014ರ ನಿಯಮವೋ, 2024ರದ್ದೋ? ಮೊದಲನೆಯದಾದರೆ ಕೈಗೆ ಬಂದ ಮೊದಲ 100 ಚಿನ್ನದ ನಾಣ್ಯವನ್ನು ಬೆಳ್ಳಿಗೆ ಎತ್ತಿಡಿ. ಎರಡನೆಯದಾದರೆ ಬೆಳ್ಳಿಗೆ ಅವಸರವಿಲ್ಲ, ತಂಡದಲ್ಲಿ ರೇಡಿಯಂಟ್ ಅಥವಾ ಫೋರ್ಸ್ ಪೆಟ್ಟು ಕೊಡಬಲ್ಲವರು ಯಾರಿದ್ದಾರೆ ಅಂತ ನೋಡಿಕೊಳ್ಳಿ. ಎರಡರಲ್ಲೂ ಸೊಂಟದಲ್ಲಿ ಒಂದು ಗದೆ ಇರಲಿ, ಅದಕ್ಕೆ 5 ನಾಣ್ಯ ಸಾಕು.